ಪೇರೆಂಟಿಂಗ್ ಕ್ಲಾಸ್‌ಗೆ ಸೇರಿದರೆ ಐದು ವರ್ಷದ ಮಗಳ ಹಟ ಕಡಿಮೆ ಆಗುತ್ತಾ?

ಹೊಡೆಯದೆ ಬಡಿಯದೆ ಮಕ್ಕಳನ್ನು ತಿದ್ದೋದು ಹೇಗೆ ಅಂತ ಕಲಿಸುತ್ತಾರಲ್ಲ, ಆ ಕ್ಲಾಸ್ ಅಲ್ವಾ? ನಾಲ್ಕು ವರ್ಷದ ಹಿಂದೆ ನಾನೂ ಇದೇ ಆಸೆಯಿಂದ ಸೇರಿದ್ದೆ. ಮಗನಿಗೆ ಆಗ ಆರು. ಬೆಳಿಗ್ಗೆ ಯೂನಿಫಾರ್ಮ್ ಹಾಕಿಸುವ ಹೊತ್ತಿಗೆ ದಿನಾ ರಂಪ. ಒಂದು ದಿನ ಹೊಡೆದೇ ಬಿಟ್ಟೆ. ಕೆನ್ನೆ ಮೇಲೆ ಮೂಡಿದ ಬೆರಳಿನ ಗುರುತು ನೋಡಿ ನನಗೇ ಕೈಕಾಲು ನಡುಗಿತು. ಆ ವಾರವೇ ಹೆಸರು ಕೊಟ್ಟೆ.

ಆರು ಭಾನುವಾರದ ಕ್ಲಾಸ್. ಕಲಿಸಿದ್ದಕ್ಕೆಲ್ಲ ಮೂಲ ವಿಯೆನ್ನಾದ ಮನೋವೈದ್ಯರಾದ ಆಲ್ಫ್ರೆಡ್ ಆಡ್ಲರ್ ಮತ್ತು ರುಡಾಲ್ಫ್ ಡ್ರೈಕರ್ಸ್ ಅವರ ವಿಚಾರಗಳು. ಈ ಮನೆಯಲ್ಲಿ ತನಗೊಂದು ಜಾಗ ಇದೆ ಅಂತ ಮಗುವಿಗೆ ಅನಿಸಬೇಕು, ಅನಿಸದಿದ್ದರೆ ಹಟಕ್ಕೆ ಬೀಳುತ್ತದೆ ಅನ್ನೋದು ಅದರ ಸಾರ.

ನಾನು ಎಡವಿದ್ದು ಸಮಾಧಾನದ ಮೂಲೆ ಅನ್ನೋ ವಿಷಯದಲ್ಲಿ, ಅಂದರೆ ಸಿಟ್ಟು ಬಂದಾಗ ಮಗು ಹೋಗಿ ಕೂರುವ ಜಾಗ. ಜಾಗವನ್ನು ಮಗುವೇ ಆರಿಸಬೇಕು. ದಿಂಬು, ಗೊಂಬೆ ಏನು ಬೇಕೋ ಅದೇ ತಂದಿಟ್ಟುಕೊಳ್ಳಬೇಕು. ಸಿಟ್ಟು ಬಂದಾಗ "ಹೋಗ್ತೀಯಾ?" ಅಂತ ಕೇಳಬೇಕೇ ಹೊರತು ಕಳಿಸಬಾರದು. ಬೇಕಂದರೆ ನಾವೂ ಜೊತೆಗೆ ಕೂರಬೇಕು. ಇಷ್ಟನ್ನೂ ಬರೆದುಕೊಂಡಿದ್ದೆ. ಮನೆಗೆ ಬಂದು ಬೀರು ಪಕ್ಕ ನಾನೇ ಚಾಪೆ ಹಾಸಿದೆ. "ಹೋಗು, ಅಲ್ಲಿ ಕೂತ್ಕೋ, ಸಮಾಧಾನ ಆದ್ಮೇಲೆ ಬಾ" ಅಂದೆ. ದನಿ ಏರಿಸಲಿಲ್ಲ, ಕೈ ಮಾಡಲಿಲ್ಲ. ಹಾಗಾಗಿ ಎಲ್ಲ ಸರಿಯಿದೆ ಅಂದುಕೊಂಡೆ. ಹಾಲು ಚೆಲ್ಲಿದರೂ ಚಾಪೆ, ತಂಗಿಯನ್ನು ತಳ್ಳಿದರೂ ಚಾಪೆ. ನಮ್ಮ ಕಾಲದಲ್ಲಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರಲ್ಲ, ಅದನ್ನೇ ಮನೆಗೆ ತಂದಿದ್ದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆತದ ಜೊತೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ನನ್ನ ಚಾಪೆ ಆ ಎರಡನೆಯದರ ಲೆಕ್ಕಕ್ಕೇ ಸೇರುತ್ತಿತ್ತು. ಅವನು ಮರುಮಾತಾಡದೆ ಹೋಗಿ ಕೂರುತ್ತಿದ್ದ. ಹುಡುಗ ದಾರಿಗೆ ಬಂದ ಅಂತ ಖುಷಿಪಟ್ಟೆ.

ಎರಡು ತಿಂಗಳಾಗಿರಬೇಕು. ಸಂಜೆ ಚಪಾತಿ ಲಟ್ಟಿಸುತ್ತಿದ್ದೆ. ಸೈಕಲ್‌ನಿಂದ ಬಿದ್ದು ಬಂದವನು ಅಡುಗೆಮನೆ ದಾಟಿಕೊಂಡು ಸೀದಾ ಹೋಗಿ ಚಾಪೆ ಮೇಲೆ ಕೂತ. ಮಂಡಿಯಿಂದ ಇಳಿದ ರಕ್ತಕ್ಕೆ ಸಾಕ್ಸ್ ಒದ್ದೆಯಾಗಿತ್ತು. "ನನ್ನ ಹತ್ರ ಯಾಕೆ ಬರಲಿಲ್ಲ ಕಂದಾ?" ಅಂದೆ. "ಸೈಕಲ್ ಬೆಲ್ ಮುರಿದುಹೋಯ್ತಮ್ಮಾ" ಅಂದ.

ಕ್ಲಾಸ್‌ಗೆ ಖಂಡಿತ ಹೋಗಿ. ಆದರೆ ಮಗಳ ಹಟ ಇಳಿಸೋಕೆ ಅಂತ ಹೋಗಬೇಡಿ. ಐದು ವರ್ಷಕ್ಕೆ ಹಟ ಇದ್ದೇ ಇರುತ್ತದೆ, ಇರಲಿ ಬಿಡಿ. ಅಲ್ಲಿ ಕಲಿಯಬೇಕಾದವರು ನೀವು. ಒಬ್ಬರೇ ಹೋಗಬೇಡಿ, ಸಂಜೆ ಹೊತ್ತು ಮಗು ಯಾರ ಕೈಲಿರುತ್ತೋ ಅವರನ್ನೂ ಕರೆದುಕೊಂಡು ಹೋಗಿ. ಬರೀ ಭಾಷಣ ಕೇಳಿಸಿ ಕಳಿಸುವ ಕ್ಲಾಸ್ ಬೇಡ. ನಿಮ್ಮನ್ನೇ ಮಗುವಿನ ಜಾಗದಲ್ಲಿ ಕೂರಿಸಿ, ಇನ್ನೊಬ್ಬರಿಂದ ಬೈಸಿ, ಏನನ್ನಿಸಿತು ಅಂತ ಕೇಳುವಂಥದ್ದನ್ನು ಹುಡುಕಿ. ದುಡ್ಡು ಕಟ್ಟುವ ಮುಂಚೆ ಒಂದು ಪ್ರಶ್ನೆ ಕೇಳಿ: ಸಿಟ್ಟಲ್ಲಿರುವ ಮಗುವನ್ನು ಏನು ಮಾಡಬೇಕು? "ಒಂಟಿಯಾಗಿ ಕೂರಿಸಿ" ಅಂದರೆ ಎದ್ದು ಬನ್ನಿ.

ಚಾಪೆಯನ್ನು ಆ ರಾತ್ರಿಯೇ ಸುತ್ತಿಟ್ಟೆ. ಅವನು ಆರಿಸಿಕೊಂಡಿದ್ದು ಊಟದ ಟೇಬಲ್ ಕೆಳಗಿನ ಜಾಗ. ಈಗಲೂ ಒಮ್ಮೊಮ್ಮೆ "ಅಮ್ಮಾ, ನೀನೂ ಬಾ" ಅಂತಾನೆ. ತಲೆ ಬಗ್ಗಿಸಿ ಒಳಗೆ ಹೋಗುತ್ತೇನೆ.