ಓಡಿದರೂ ತೂಕ ಇಳಿಯುತ್ತಿಲ್ಲ, ಓಟ ನಿಲ್ಲಿಸಲೇ?

ಓದುಗರ ಪ್ರಶ್ನೆ, ಆಹಾರ ಸಲಹೆಗಾರ್ತಿಯ ಉತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 42 ವರ್ಷ. ಹಾಸನದಲ್ಲಿ ಕೂತು ಮಾಡುವ ಕೆಲಸ. ಎತ್ತರ 5 ಅಡಿ 6 ಅಂಗುಲ, ತೂಕ 80 ಕೆ.ಜಿ. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಆ ಹೆದರಿಕೆಯಿಂದಲೇ ಯುಗಾದಿಯ ನಂತರ ಓಟ ಶುರು ಮಾಡಿದೆ. ವಾರಕ್ಕೆ ನಾಲ್ಕು ದಿನ ಹಾಸನಾಂಬ ಸ್ಟೇಡಿಯಂನಲ್ಲಿ 5 ಕಿ.ಮೀ. ಓಡುತ್ತೇನೆ. ಓಡಿದ ಮೇಲೆ ಗೆಳೆಯರ ಜೊತೆ ಹೋಟೆಲಿನಲ್ಲಿ ಒಂದು ಮಸಾಲೆದೋಸೆ, ಒಂದು ಉದ್ದಿನವಡೆ, ಕಾಫಿ. ಮನೆಗೆ ಬಂದು ಜಾಸ್ತಿ ತಿನ್ನುವುದಿಲ್ಲ, ಒಂದೇ ಅಕ್ಕಿರೊಟ್ಟಿ. ಮೊದಲೆಲ್ಲ ಮೂರು ತಿನ್ನುತ್ತಿದ್ದೆ. ನಾಲ್ಕು ತಿಂಗಳಲ್ಲಿ ಇಳಿದದ್ದು ಒಂದೂವರೆ ಕೆ.ಜಿ. ಅಷ್ಟೇ. ಪ್ಯಾಂಟು ಮಾತ್ರ ಸೊಂಟದ ಹತ್ತಿರ ಸ್ವಲ್ಪ ಸಡಿಲವಾಗಿದೆ. ರಾತ್ರಿ ಊಟ ಬಿಟ್ಟುಬಿಡಿ ಅಂತ ಮನೆಯವಳು ಹೇಳುತ್ತಾಳೆ. "ಅನ್ನ ಬಿಟ್ಟು ಮುದ್ದೆ ಉಣ್ಣು, ಓಟ ಎಲ್ಲ ಸುಮ್ನೆ" ಅಂತ ಅಣ್ಣ ಹೇಳುತ್ತಾನೆ. ಹಿಂದೊಮ್ಮೆ ನೀವು ಎಣ್ಣೆಯ ಲೆಕ್ಕ ಬರೆದು ಕಳಿಸಿ ಎಂದಿದ್ದಿರಿ. ನಾವು ನಾಲ್ಕು ಜನ, ತಿಂಗಳಿಗೆ 5 ಲೀಟರಿನ ಕ್ಯಾನ್ ಒಂದು. ಓಟ ನಿಲ್ಲಿಸಿ ಬರೀ ಡಯಟ್ ಮಾಡಲೇ?
– ಹೆಸರು ಬೇಡ ಎಂದ ಓದುಗರು, ಹಾಸನ

ಉತ್ತರ: ಓಟ ನಿಲ್ಲಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದನ್ನು ಅರ್ಧ ಓದಿದರೆ ನಿಮ್ಮ ಅಣ್ಣನ ಮಾತೇ ಸರಿ ಅನ್ನಿಸಿಬಿಡಬಹುದು.

ತೂಕ ಇಳಿಯುವುದು ಮುಖ್ಯವಾಗಿ ತಟ್ಟೆಯಿಂದ. ಚಿಕ್ಕಮಗಳೂರಿನಲ್ಲಿ ಕೂತು ಇಷ್ಟು ವರ್ಷ ಜನರ ಊಟದ ಲೆಕ್ಕ ನೋಡಿದ ಮೇಲೆ ನನಗೆ ಇದರಲ್ಲಿ ಅನುಮಾನ ಉಳಿದಿಲ್ಲ. ನಿಮ್ಮದನ್ನೇ ತೆಗೆದುಕೊಳ್ಳೋಣ. ಓಡುವಾಗ ಒಂದು ಕಿಲೋಮೀಟರಿಗೆ, ಮೈತೂಕದ ಒಂದೊಂದು ಕೆ.ಜಿ.ಗೂ ಹೆಚ್ಚುಕಡಿಮೆ ಒಂದು ಕ್ಯಾಲೊರಿ ಖರ್ಚಾಗುತ್ತದೆ. 80 ಕೆ.ಜಿ.ಯ ನೀವು 5 ಕಿ.ಮೀ. ಓಡಿದರೆ ಸುಮಾರು 400. ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿದ್ದದ್ದನ್ನು ಕಳೆದರೆ 350ರ ಆಸುಪಾಸು. ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ವಾರಕ್ಕೆ ನಾಲ್ಕು ಓಟದಿಂದ ಒಂದು ಕೆ.ಜಿ. ಇಳಿಯಲು ಐದಾರು ವಾರ ಬೇಕು, ಅದೂ ಊಟ ಒಂದಿಷ್ಟೂ ಜಾಸ್ತಿಯಾಗದಿದ್ದರೆ. ಆ ಲೆಕ್ಕದಲ್ಲಿ ನಾಲ್ಕು ತಿಂಗಳಿಗೆ ಮೂರು ಕೆ.ಜಿ. ಇಳಿಯಬೇಕಿತ್ತು. ಅರ್ಧ ಇಳಿದಿದೆ.

ಉಳಿದ ಅರ್ಧ ಎಲ್ಲಿ ಹೋಯಿತು ಅನ್ನುವುದು ನಿಮ್ಮ ಪತ್ರದಲ್ಲೇ ಇದೆ. ಹೋಟೆಲಿನ ಮಸಾಲೆದೋಸೆ, ಪಲ್ಯ, ಚಟ್ನಿ, ಎಣ್ಣೆ ಎಲ್ಲ ಸೇರಿ 350ಕ್ಕೆ ಕಡಿಮೆ ಇರುವುದಿಲ್ಲ. ವಡೆ ನೂರರ ಮೇಲೆ. ಸಕ್ಕರೆ ಹಾಕಿದ ಕಾಫಿ ಬೇರೆ. ಓಟದಲ್ಲಿ ಕಳೆದದ್ದಕ್ಕಿಂತ ಜಾಸ್ತಿಯೇ ಅಲ್ಲಿ ಒಳಗೆ ಹೋಯಿತು. ಮನೆಯಲ್ಲಿ ಎರಡು ರೊಟ್ಟಿ ಕಡಿಮೆ ಮಾಡಿದ್ದೀರಲ್ಲ, ಅದರಿಂದಾಗಿ ತೂಕ ಏರುವ ಬದಲು ನಿಧಾನವಾಗಿ ಇಳಿದಿದೆ. ಓಡಿದ ಮೇಲೆ ಹಸಿವು ಸಹಜ. "ಇವತ್ತು ಓಡಿದ್ದೇನೆ, ಒಂದು ವಡೆ ತಿಂದರೆ ಏನು" ಅನ್ನಿಸುವುದೂ ಸಹಜ. ಆ ದಿನ ಮಧ್ಯಾಹ್ನ ಮೈ ಸ್ವಲ್ಪ ಜಾಸ್ತಿ ಕುರ್ಚಿ ಬೇಡುತ್ತದೆ, ಮೆಟ್ಟಿಲು ಬಿಟ್ಟು ಲಿಫ್ಟ್ ಹತ್ತುತ್ತೇವೆ. ಬರೀ ವ್ಯಾಯಾಮದಿಂದ ಇಳಿಯುವ ತೂಕ ಕಾಗದದ ಲೆಕ್ಕಕ್ಕಿಂತ ಯಾವಾಗಲೂ ಕಡಿಮೆ ಇರುವುದಕ್ಕೆ ಇವೇ ಕಾರಣ.

ಈಗ ಎಣ್ಣೆ. ನೀವು ಲೆಕ್ಕ ಬರೆದು ಕಳಿಸಿದ್ದು ನನಗೆ ತುಂಬಾ ಸಂತೋಷ. ನಾಲ್ಕು ಜನಕ್ಕೆ 5 ಲೀಟರ್ ಅಂದರೆ ತಲೆಗೆ ತಿಂಗಳಿಗೆ ಒಂದೂಕಾಲು ಲೀಟರ್. ದಿನಕ್ಕೆ 40 ಮಿಲಿ ದಾಟಿತು. ಎಣ್ಣೆಯ ಪ್ರತಿ ಗ್ರಾಮಿಗೆ 9 ಕ್ಯಾಲೊರಿ. ಅಲ್ಲಿಗೆ ದಿನಕ್ಕೆ ಸುಮಾರು 340. ನೀವು ಬೆವರು ಸುರಿಸಿ 5 ಕಿ.ಮೀ. ಓಡಿ ಕಳೆಯುವಷ್ಟು ಕ್ಯಾಲೊರಿ ಒಗ್ಗರಣೆಯಲ್ಲಿ, ಹಪ್ಪಳದಲ್ಲಿ, ರೊಟ್ಟಿಯ ಕಾವಲಿಯಲ್ಲಿ ದಿನಾ ಮೈಗೆ ಸೇರುತ್ತಿದೆ. ಹೋಟೆಲಿನ ಎಣ್ಣೆ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ತಲೆಗೆ ಅರ್ಧ ಲೀಟರ್, ಹೆಚ್ಚೆಂದರೆ 600 ಮಿಲಿ ಸಾಕು. ಮುಂದಿನ ತಿಂಗಳು ಒಂದು ಲೀಟರಿನ ಪ್ಯಾಕೆಟ್ ಎರಡು ತನ್ನಿ. ಅದು ಮುಗಿದ ಮೇಲೆ ಬೇರೆ ತರಬೇಡಿ. ಕ್ಯಾನ್ ಮನೆಯಲ್ಲಿದ್ದರೆ ಕೈ ತಾನಾಗಿ ಬಗ್ಗುತ್ತದೆ. ಇದು ನಾಲ್ಕೂ ಜನಕ್ಕೆ ಒಳ್ಳೆಯದು. ಒಬ್ಬರಿಗೆ ಅಂತ ಬೇರೆ ಅಡುಗೆ ಮಾಡುವ ಕಷ್ಟವೂ ನಿಮ್ಮ ಮನೆಯವರಿಗೆ ಇಲ್ಲ.

ಅಣ್ಣನ ಮುದ್ದೆಯ ಮಾತು. ರಾಗಿ ನನಗೆ ಬಹಳ ಇಷ್ಟ. ನಾರಿದೆ, 100 ಗ್ರಾಮಿನಲ್ಲಿ 300 ಮಿಲಿಗ್ರಾಮಿಗೂ ಮೇಲೆ ಸುಣ್ಣದಂಶ ಇದೆ. ಅಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಕ್ಯಾಲೊರಿಯ ಮಾತಿಗೆ ಬಂದರೆ 100 ಗ್ರಾಂ ರಾಗಿ ಹಿಟ್ಟಿಗೂ 100 ಗ್ರಾಂ ಅಕ್ಕಿಗೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಎರಡು ದಪ್ಪ ಮುದ್ದೆ ಉಂಡು, ಮೇಲೆ "ಸ್ವಲ್ಪ ಅನ್ನ ಮಜ್ಜಿಗೆ" ಅಂದರೆ ತೂಕ ಇಳಿಯುವುದಿಲ್ಲ. ಸಣ್ಣ ಮುದ್ದೆ ಒಂದು, ಸೊಪ್ಪು-ಕಾಳಿನ ಸಾರು ಬಟ್ಟಲ ತುಂಬ, ಅದು ಊಟ. ಅಥವಾ ಒಂದು ಬಟ್ಟಲು ಅನ್ನ, ಅದಕ್ಕಿಂತ ಜಾಸ್ತಿ ಪಲ್ಯ, ಹುರುಳಿಕಾಳು ಅಥವಾ ಮೊಟ್ಟೆ. ನಾನು ಯಾರಿಗೂ ಅನ್ನ ಬಿಡಿ ಎನ್ನುವುದಿಲ್ಲ. ಹಾಗೆ ಬಿಟ್ಟವರು ತಿಂಗಳಾದ ಮೇಲೆ ಮದುವೆ ಮನೆಯಲ್ಲೋ ಜಾತ್ರೆಯಲ್ಲೋ ಆಸೆ ತಡೆಯದೆ ಉಂಡು, ಆಮೇಲೆ ನೊಂದುಕೊಂಡು, ಎಲ್ಲವನ್ನೂ ಕೈಬಿಡುವುದನ್ನು ನೋಡಿ ಬೇಸರವಾಗಿದೆ. ರಾತ್ರಿ ಊಟವನ್ನೂ ಬಿಡಬೇಡಿ. ಬೇಗ ಉಣ್ಣಿ, ಕಡಿಮೆ ಉಣ್ಣಿ.

ಇನ್ನು ಓಟಕ್ಕೆ ಬರುತ್ತೇನೆ. ಊಟದಿಂದಲೇ ತೂಕ ಇಳಿಯುವುದಾದರೆ ಓಟ ಯಾಕೆ? ನಿಮ್ಮ ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತಲ್ಲ, ಅದಕ್ಕೇ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನ ಭಾರತೀಯರನ್ನು ಮೂರು ವರ್ಷದಷ್ಟು ಗಮನಿಸಿದರು. ಊಟ ತಿದ್ದಿಕೊಂಡು ನಡಿಗೆ, ವ್ಯಾಯಾಮ ಮಾಡಿದ ಗುಂಪಿನಲ್ಲಿ ಕಾಯಿಲೆಗೆ ಬೀಳುವ ಅಪಾಯ 28.5 ಶೇಕಡಾ ಕಡಿಮೆಯಾಯಿತು. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ! ಈ ಒಂದು ಸಂಗತಿಯನ್ನು ತೂಕದ ಯಂತ್ರದ ಮುಂದೆ ನಿರಾಶರಾಗುವ ಪ್ರತಿಯೊಬ್ಬರಿಗೂ ಕೂಗಿ ಹೇಳಬೇಕು ಅನ್ನಿಸುತ್ತದೆ ನನಗೆ. ಕೆಲಸ ಮಾಡುವ ಸ್ನಾಯು ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಹೊಟ್ಟೆಯ ಒಳಗೆ, ಕರುಳಿನ ಸುತ್ತ ಕೂತ ಕೊಬ್ಬು ಕರಗುತ್ತದೆ. ನಿಮ್ಮ ಪ್ಯಾಂಟು ಸಡಿಲವಾದದ್ದು ಇದರಿಂದಲೇ ಇರಬೇಕು. ಅದನ್ನು ನೀವು ಪತ್ರದಲ್ಲಿ "ಮಾತ್ರ" ಅಂತ ಸೇರಿಸಿ ಬರೆದಿದ್ದೀರಿ. ನನಗೆ ಪತ್ರದಲ್ಲಿ ಎಲ್ಲಕ್ಕಿಂತ ಒಳ್ಳೆಯ ಸುದ್ದಿ ಅದೇ. ಟೇಪು ಹಿಡಿದು ಸೊಂಟ ಅಳೆಯಿರಿ. ನಮ್ಮ ಗಂಡಸರಿಗೆ 90 ಸೆಂ.ಮೀ. ಒಳಗಿರಬೇಕು, ಹೆಂಗಸರಿಗೆ 80.

ಇನ್ನೊಂದು ಕಾರಣ ಇದೆ. ಇಳಿಸಿದ ತೂಕವನ್ನು ಹಿಡಿದಿಡುವುದು ಇಳಿಸುವುದಕ್ಕಿಂತ ಕಷ್ಟ. ಅಮೆರಿಕದಲ್ಲಿ 1994ರಿಂದ ಒಂದು ದಾಖಲಾತಿ ನಡೆಯುತ್ತಿದೆ. 13 ಕೆ.ಜಿ.ಗೂ ಜಾಸ್ತಿ ಇಳಿಸಿ, ಒಂದು ವರ್ಷವಾದರೂ ಮತ್ತೆ ಏರದಂತೆ ನೋಡಿಕೊಂಡ ಸಾವಿರಾರು ಜನ ಅದರಲ್ಲಿದ್ದಾರೆ. ಅವರಲ್ಲಿ ಬಹುಪಾಲು ಜನ ದಿನಾ ಸರಾಸರಿ ಒಂದು ಗಂಟೆ ನಡಿಗೆಯೋ ವ್ಯಾಯಾಮವೋ ಮಾಡುವವರು. ಬರೀ ಊಟ ಕಡಿಮೆ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಒಂದಿಷ್ಟು ಹೋಗುತ್ತದೆ. ಹಾಗಾಗಿ ಓಟ ಇಲ್ಲದ ದಿನಗಳಲ್ಲಿ ಎರಡು ದಿನ ಬಸ್ಕಿ, ದಂಡ ಹೊಡೆಯಿರಿ.

ಗೆಳೆಯರನ್ನೂ ಬಿಡಬೇಡಿ, ಹೋಟೆಲನ್ನೂ ಬಿಡಬೇಡಿ. ನಾಲ್ಕು ದಿನವೂ ನೀವು ಎದ್ದು ಹೋಗುತ್ತಿರುವುದು ಅವರಿಂದಲೇ ಅಲ್ವಾ? ವಾರಕ್ಕೆ ಒಂದು ದಿನ ದೋಸೆ ಇರಲಿ. ಉಳಿದ ದಿನ ಎರಡು ಇಡ್ಲಿ, ಸಕ್ಕರೆ ಕಡಿಮೆ ಹಾಕಿದ ಕಾಫಿ. ಅದೇ ಆ ದಿನದ ತಿಂಡಿ, ಮನೆಯಲ್ಲಿ ಮತ್ತೆ ಬೇಡ. 80ರಿಂದ ಶುರು ಮಾಡಿದ್ದೀರಿ, ಮೊದಲು 76ಕ್ಕೆ ಬನ್ನಿ. ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಬಹಳ ಚೆನ್ನಾಗಿದೆ ಅಂತ ತಿಳಿಯಿರಿ. ಎಚ್‌ಬಿಎ1ಸಿ ರಕ್ತಪರೀಕ್ಷೆ ಒಂದು ಮಾಡಿಸಿ, ಮೂರು ತಿಂಗಳ ಸರಾಸರಿ ಸಕ್ಕರೆ ಗೊತ್ತಾಗುತ್ತದೆ.

ಪ್ರಶ್ನೆ: ಅಕ್ಕಾ, ಮೂಡಿಗೆರೆ ಹತ್ತಿರ ನಮ್ಮದು ನಾಲ್ಕೆಕರೆ ಕಾಫಿ ತೋಟ. ನನಗೆ 46 ವರ್ಷ. ಬೆಳಿಗ್ಗೆಯಿಂದ ಸಂಜೆತನಕ ಇಳಿಜಾರಿನಲ್ಲಿ ಹತ್ತಿ ಇಳಿದೇ ಕೆಲಸ. ಆದರೂ ವರ್ಷದಿಂದ ವರ್ಷಕ್ಕೆ ದಪ್ಪ ಆಗುತ್ತಿದ್ದೇನೆ. ಆಸ್ಪತ್ರೆಯಲ್ಲಿ ತೋರಿಸಿದಾಗ "ವ್ಯಾಯಾಮ ಮಾಡಮ್ಮ" ಅಂದರು. ಇನ್ನೆಷ್ಟು ಮಾಡಲಿ?
– ಓದುಗರು, ಮೂಡಿಗೆರೆ ತಾಲ್ಲೂಕು

ಉತ್ತರ: ನೀವು ಇನ್ನೂ ನಡೆಯಬೇಕಿಲ್ಲ. ತೋಟ ನೋಡದವರ ಸಲಹೆ ಅದು, ನಿಮಗೆ ನೋವಾದದ್ದು ನ್ಯಾಯ.

ತಾಂಜಾನಿಯಾದಲ್ಲಿ ಹಡ್ಜಾ ಎಂಬ ಜನ ಇದ್ದಾರೆ. ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವವರು. ಹರ್ಮನ್ ಪಾಂಟ್ಜರ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ಈ ಜನ ದಿನಕ್ಕೆ ಎಷ್ಟು ಕ್ಯಾಲೊರಿ ಖರ್ಚು ಮಾಡುತ್ತಾರೆ ಅಂತ ಅಳೆದು 2012ರಲ್ಲಿ ಪ್ರಕಟಿಸಿದರು. ಮೈಗಾತ್ರ ಸರಿದೂಗಿಸಿ ನೋಡಿದರೆ, ಕಚೇರಿಯಲ್ಲಿ ಕೂರುವ ಅಮೆರಿಕದವರ ಖರ್ಚೂ ಇವರದೂ ಹೆಚ್ಚುಕಡಿಮೆ ಒಂದೇ! ದಿನವಿಡೀ ದುಡಿಯುವ ದೇಹ ಬೇರೆ ಕಡೆ ಖರ್ಚು ತಗ್ಗಿಸಿಕೊಂಡು ಹೊಂದಿಕೊಳ್ಳುತ್ತದೆ ಅಂತ ಅವರು ವಿವರಿಸುತ್ತಾರೆ. ವರ್ಷಗಳಿಂದ ಇಳಿಜಾರು ಹತ್ತಿದ ನಿಮ್ಮ ಮೈಗೂ ಆ ಕೆಲಸ ಒಗ್ಗಿಹೋಗಿದೆ.

ಹಾಗಾಗಿ ಉಣ್ಣುವುದನ್ನು ನೋಡೋಣ. ಕೊಯ್ಲಿನ ದಿನಗಳಲ್ಲಿ ಆಳುಗಳ ಜೊತೆ ನಿಮಗೂ ಎಷ್ಟು ಲೋಟ ಕಾಫಿ, ಟೀ? ಆರು ಲೋಟ, ಲೋಟಕ್ಕೆ ಎರಡು ಚಮಚ ಅಂದರೂ 60 ಗ್ರಾಂ ಸಕ್ಕರೆ, 240 ಕ್ಯಾಲೊರಿ. ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಲೋಟ ಕಡಿಮೆ ಮಾಡಲು ಆಗದಿದ್ದರೆ ಚಮಚ ಕಡಿಮೆ ಮಾಡಿ. ಜೊತೆಗೆ ತಿನ್ನುವ ಬನ್ನು, ಬಿಸ್ಕತ್ತಿನ ಬದಲು ಹುರಿಗಡಲೆ ಇಟ್ಟುಕೊಳ್ಳಿ. ರೋಬಸ್ಟಾ ಕೊಯ್ಲು ಮುಗಿದ ಮೇಲೆ, ಅದರಲ್ಲೂ ಮಳೆ ಹಿಡಿದು ಮನೆಯೊಳಗೆ ಕೂತಾಗ, ಕೆಲಸ ಕಡಿಮೆಯಾಗುತ್ತದೆ. ಕಡುಬು ಮಾತ್ರ ಅಷ್ಟೇ ಇರುತ್ತದೆ. ವರ್ಷದಿಂದ ವರ್ಷಕ್ಕೆ ಏರುವ ತೂಕ ಹೆಚ್ಚಾಗಿ ಆ ತಿಂಗಳುಗಳದ್ದು.

46 ಅಂದರೆ ಮುಟ್ಟು ನಿಲ್ಲುವ ಕಾಲ ಹತ್ತಿರ. ಸ್ನಾಯು ಕಡಿಮೆಯಾಗಿ ಹೊಟ್ಟೆಯ ಸುತ್ತ ಕೊಬ್ಬು ಸೇರುವ ಕಾಲ ಇದು. ಮನೆಯಲ್ಲಿ ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದ ಅನ್ನ-ಸಾರು ಉಣ್ಣುವ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿ. ಮೊಟ್ಟೆ, ಮೀನು, ಕಾಳು, ಮೊಸರು ಮೊದಲು ನಿಮ್ಮ ತಟ್ಟೆಗೆ ಬರಲಿ. ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ. ಇಷ್ಟು ದುಡಿಯುವ ಹೆಂಗಸು ಕಾರಣ ತಿಳಿಯದೆ ದಪ್ಪ ಆಗುತ್ತಿದ್ದರೆ ಅದನ್ನು ನೋಡಲೇಬೇಕು.

ಪ್ರಶ್ನೆ: ಬೆಳಿಗ್ಗೆ ಬಿಸಿನೀರಿಗೆ ನಿಂಬೆರಸ, ಜೇನು ಹಾಕಿ ಕುಡಿದರೆ ಕೊಬ್ಬು ಕರಗುತ್ತದೆಯೇ?
– ಓದುಗರು, ತರೀಕೆರೆ

ಉತ್ತರ: ಇಲ್ಲ. ದೊಡ್ಡ ಚಮಚ ಜೇನಿಗೆ 60 ಕ್ಯಾಲೊರಿ. ನೀರು ಕುಡಿಯಿರಿ, ಸಾಕು.

ಪ್ರಶ್ನೆ: ಮೇಡಂ, ನಾನು ಬಸ್ ಡ್ರೈವರ್, 54 ವರ್ಷ, 92 ಕೆ.ಜಿ. ಮಂಡಿ ನೋವು ಇದೆ. ಡ್ಯೂಟಿ ಮುಗಿಸಿ ಓಡುವ ಶಕ್ತಿ ಇಲ್ಲ. ಊಟ ಕಡಿಮೆ ಮಾಡಿದರೆ ಸಾಕಾ?
– ಓದುಗರು, ಅರಸೀಕೆರೆ

ಉತ್ತರ: ನೀವು ಓಡುವುದು ಬೇಡ. ತೂಕ ಇಳಿಸಲು ಊಟದಿಂದಲೇ ಶುರು ಮಾಡಿ, ಮಂಡಿಗೂ ಅದರಿಂದಲೇ ಮೊದಲು ಆರಾಮ ಸಿಗುತ್ತದೆ. ಆದರೆ ಹೃದಯಕ್ಕೆ ನಡಿಗೆ ಬೇಕು. ನಿಮ್ಮ ಕೆಲಸದವರ ಬಗ್ಗೆಯೇ ಒಂದು ಹಳೆಯ ಅಧ್ಯಯನ ಇದೆ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರು, ಕಂಡಕ್ಟರುಗಳನ್ನು ಹೋಲಿಸಿ ಜೆರ‍್ರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಪ್ರಕಟಿಸಿದರು. ದಿನವಿಡೀ ಬಸ್ಸಿನ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ, ಕೂತೇ ಇರುವ ಡ್ರೈವರುಗಳಿಗೆ ಜಾಸ್ತಿ.

ಪ್ರತಿ ಟ್ರಿಪ್ಪಿನ ಕೊನೆಗೆ ಬಸ್ಸಿನಿಂದ ಇಳಿದು ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ಚುರುಕಾಗಿ ನಡೆಯಿರಿ. ದಿನಕ್ಕೆ ಮೂರು ಸಲ ಆದರೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಅಂದರೆ 150 ನಿಮಿಷ. ದೊಡ್ಡವರಿಗೆ ಕನಿಷ್ಠ ಅಷ್ಟು ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸ್ಟ್ಯಾಂಡಿನ ಬಜ್ಜಿ, ಬೋಂಡಾ ಬಿಡಿ. ಮನೆಯಿಂದ ಬುತ್ತಿ ಒಯ್ಯಿರಿ: ಎರಡು ಚಪಾತಿ, ಕಾಳಿನ ಪಲ್ಯ, ಒಂದು ಬಾಳೆಹಣ್ಣು. ಶುರು ಮಾಡುವ ಮೊದಲು ಬಿ.ಪಿ., ಸಕ್ಕರೆ ನೋಡಿಸಿ. ನಡೆಯುವಾಗ ಎದೆ ಬಿಗಿದರೆ ಅಥವಾ ದಮ್ಮು ಕಟ್ಟಿದರೆ ಅಲ್ಲೇ ನಿಲ್ಲಿ, ಗ್ಯಾಸು ಅಂತ ಸುಮ್ಮನಾಗಬೇಡಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಮಂಡಿಗೆ: ಕುರ್ಚಿಯ ಮೇಲೆ ಕೂತು ಒಂದೊಂದೇ ಕಾಲನ್ನು ನೇರ ಚಾಚಿ ಐದು ಎಣಿಸುವವರೆಗೆ ಹಿಡಿಯಿರಿ. ಕಾಲಿಗೆ ಹತ್ತು ಸಲ, ಬೆಳಿಗ್ಗೆ ಮತ್ತು ರಾತ್ರಿ. ಎರಡು ತಿಂಗಳಾದ ಮೇಲೆ ತೂಕ, ಸೊಂಟ ಎರಡನ್ನೂ ಅಳೆದು ನನಗೆ ಬರೆಯಿರಿ.