ಕತ್ತರಿ ಯಾರ ನಾಯಿಗೆ?

ಪತ್ರ: "ಬೀದಿನಾಯಿಗೆ ಮಾತ್ರ ಆಪರೇಷನ್ ಮಾಡಿದರೆ ಏನು ಪ್ರಯೋಜನ ಸರ್? ಸಂಜೆಯಾದರೆ ಮಕ್ಕಳನ್ನು ಟ್ಯೂಷನ್‌ಗೆ ಕಳಿಸಲು ಭಯ. ಸಾಕಿದ ನಾಯಿಗಳಿಗೂ ಸಂತಾನಹರಣ ಕಡ್ಡಾಯ ಮಾಡಿ, ಮಾಡಿಸದವರಿಗೆ ದಂಡ ಹಾಕುವ ಕಾನೂನು ಬರಬೇಕು. ಅಮೆರಿಕದಲ್ಲಿ ಇದೆಯಂತೆ. ನಿಮ್ಮ ಪತ್ರಿಕೆ ಇದನ್ನು ಬೆಂಬಲಿಸಲಿ. ನಮ್ಮ ಮನೆಯ ಹೆಣ್ಣು ಲ್ಯಾಬ್ರಡಾರ್‌ಗೂ ಮಾಡಿಸಬೇಕು ಅಂತಿದ್ದೇನೆ."
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಪತ್ರ ಚೆನ್ನಾಗಿದೆ, ಸಿಟ್ಟೂ ನ್ಯಾಯವಾದದ್ದೇ. ನಾಯಿ ಹೆಚ್ಚಾಗಿವೆ, ಮಕ್ಕಳನ್ನು ಕಚ್ಚುತ್ತಿವೆ. ಇದನ್ನು ಇಲ್ಲ ಅನ್ನುವವರು ರಾತ್ರಿ ಹೊತ್ತು ನಮ್ಮೂರಲ್ಲಿ ಬೈಕ್ ಓಡಿಸಿಲ್ಲ. ಆಪರೇಷನ್‌ನಿಂದ ಹೆಣ್ಣುನಾಯಿಗೆ ಗರ್ಭಕೋಶದಲ್ಲಿ ಕೀವಾಗುವ ಕಾಯಿಲೆ ತಪ್ಪುತ್ತದೆ ಅನ್ನುವುದೂ ನಿಜ. ಇಷ್ಟನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇನೆ. ಯಾಕೆಂದರೆ ನಿಮ್ಮ ಕಾನೂನಿಗೆ ನನ್ನ ವಿರೋಧವಿದೆ.

ಈ ಕಾನೂನು ಮೊದಲು ಯಾರ ಬಾಗಿಲಿಗೆ ಬರುತ್ತದೆ, ಯೋಚಿಸಿ. ಲೈಸೆನ್ಸ್ ಮಾಡಿಸಿದವರ, ಇಂಜೆಕ್ಷನ್ ಹಾಕಿಸಿದವರ, ನಾಯಿಯನ್ನು ಕಟ್ಟಿ ಸಾಕಿದವರ ಬಾಗಿಲಿಗೆ. ಅಂದರೆ ಒಳ್ಳೆ ಗುಣದ, ಮನುಷ್ಯರ ಜೊತೆ ಹೊಂದಿಕೊಂಡ ನಾಯಿಗೆ ಮೊದಲು ಕತ್ತರಿ. ಮರಿ ಹಾಕಲು ಉಳಿಯುವುದು ಯಾವುದು? ಯಾರ ಕೈಗೂ ಸಿಗದ, ಹಿಡಿಯಲು ಹೋದರೆ ಕಚ್ಚುವ ನಾಯಿ. ಮುಂದಿನ ತಲೆಮಾರು ಅದರದ್ದೇ. ಹೀಗೆ ಯಾವ ರೈತನೂ ಬಿತ್ತನೆ ಬೀಜ ಆರಿಸುವುದಿಲ್ಲ.

ಜಗಳೂರಿನ ಕಡೆ ಕುರಿ ರೊಪ್ಪವೊಂದರಲ್ಲಿ ನಾಯಿಮರಿ ಆರಿಸುವುದನ್ನು ನೋಡಿದ್ದೇನೆ. ಕುರಿ ಕಾಯುವ ಅಜ್ಜನೊಬ್ಬ, ಕಣ್ಣುಬಿಟ್ಟ ಮರಿಗಳನ್ನು ಒಂದೊಂದಾಗಿ ಎತ್ತಿ ಕುರಿಮರಿಗಳ ನಡುವೆ ಬಿಡುತ್ತಿದ್ದ. ಒಂದು ಕುಂಯ್‌ಗುಟ್ಟಿ ಹಿಂದೆ ಸರಿಯಿತು. ಒಂದು ಕುರಿಮರಿಯ ಕಿವಿಗೆ ಬಾಯಿ ಹಾಕಿತು. ಇನ್ನೊಂದು ಸುಮ್ನೆ ಹೋಗಿ ಕುರಿಮರಿಯ ಹೊಟ್ಟೆಗೆ ಒತ್ತಿಕೊಂಡು ಮಲಗಿತು. "ಇದು ನಮ್ದು" ಅಂದ. ತಾಯಿನಾಯಿಯ ಕತ್ತಿನ ಮೇಲೆ ತೋಳ ಹಿಡಿದ ಗಾಯ ಒಣಗಿ ಕೂದಲಿಲ್ಲದ ಪಟ್ಟಿಯಾಗಿತ್ತು. "ಇವಳ ಅವ್ವನೂ ನಮ್ಮ ರೊಪ್ಪದಾಗೇ ಇದ್ಲು ಸಾಮಿ" ಅಂತ ಅಜ್ಜ ಹೇಳಿದ. ಆ ನಾಯಿಗೆ ಬ್ರೀಡ್ ಹೆಸರಿಲ್ಲ, ಸರ್ಟಿಫಿಕೇಟ್ ಇಲ್ಲ. ನಿಮ್ಮ ಕಾನೂನಿನ ಕಣ್ಣಿಗೆ ಅದು ಆಪರೇಷನ್ ಆಗದ ಸಾಕುನಾಯಿ, ಅಜ್ಜ ದಂಡ ಕಟ್ಟಬೇಕಾದ ಆಸಾಮಿ. ಮುಧೋಳ ನಾಯಿಗಾದರೆ 2005ರಲ್ಲಿ ಅಂಚೆಚೀಟಿ ಬಂತು, ಸೈನ್ಯಕ್ಕೂ ಮರಿ ಹೋದವು. ಅದಕ್ಕೆ ವಿನಾಯಿತಿ ಸಿಗಬಹುದು. ನಮ್ಮ ಕುರಿನಾಯಿ ಪರವಾಗಿ ಮಾತಾಡುವವರು ಯಾರು?

ಇನ್ನು ಅಮೆರಿಕ. ಲಾಸ್ ಏಂಜಲೀಸ್ ನಗರ 2008ರಲ್ಲಿ ಇಂಥ ಕಾನೂನು ಮಾಡಿದ್ದು ಹೌದು, ಅದೂ ನಾಲ್ಕು ತಿಂಗಳ ಮರಿಗೇ. ಅದೇ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 2013ರಲ್ಲಿ 759 ಗೋಲ್ಡನ್ ರಿಟ್ರೀವರ್‌ಗಳ ದಾಖಲೆ ತೆಗೆದು ನೋಡಿದರು. ವರ್ಷ ತುಂಬುವ ಮೊದಲೇ ಬೀಜ ತೆಗೆಸಿದ ಗಂಡುನಾಯಿಗಳಲ್ಲಿ ಸೊಂಟದ ಕೀಲಿನ ದೋಷ ಆಪರೇಷನ್ ಆಗದವಕ್ಕಿಂತ ದುಪ್ಪಟ್ಟು ಇತ್ತು. ಆಮೇಲೆ ಬೇರೆ ತಳಿಗಳನ್ನೂ ನೋಡಿದಾಗ ಒಂದೊಂದು ತಳಿಗೆ ಒಂದೊಂದು ಲೆಕ್ಕ ಬಂತು. ಎಲ್ಲದಕ್ಕೂ ಒಂದೇ ವಯಸ್ಸು ಅಂತ ಬರೆಯಲು ಶಾಸಕರಿಗೆ ಮಾತ್ರ ಸಾಧ್ಯ! ಅಮೆರಿಕದ ಪಶುವೈದ್ಯರ ಸಂಘವೂ ಆಪರೇಷನ್ ಪರವಾಗಿದೆ, ಆದರೆ ಮನೆನಾಯಿಗೆ ಅದನ್ನು ಕಡ್ಡಾಯ ಮಾಡುವ ಕಾನೂನನ್ನು ಬೆಂಬಲಿಸುವುದಿಲ್ಲ. ಕಡ್ಡಾಯ ಮಾಡಿದರೆ ಜನ ಲೈಸೆನ್ಸ್, ರೇಬೀಸ್ ಲಸಿಕೆ, ಡಾಕ್ಟರು ಎಲ್ಲವನ್ನೂ ತಪ್ಪಿಸಿಕೊಂಡು ಓಡಾಡಬಹುದು ಅನ್ನುವುದು ಅವರ ಆತಂಕ. ನಮ್ಮ ಮಕ್ಕಳನ್ನು ಕೊಲ್ಲುವುದು ರೇಬೀಸ್ ಅಲ್ವಾ? ಅದನ್ನು ತಡೆಯಲು ನೂರಕ್ಕೆ ಎಪ್ಪತ್ತು ನಾಯಿಗಾದರೂ ಲಸಿಕೆ ಬೀಳಬೇಕು ಅನ್ನುತ್ತಾರೆ. ಹೆದರಿಸಿ ನಾಯಿ ಬಚ್ಚಿಡುವಂತೆ ಮಾಡಿದರೆ ಲಸಿಕೆ ಯಾರಿಗೆ ಹಾಕುತ್ತೀರಿ?

ನಮ್ಮಲ್ಲಿ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದಲ್ಲೇ ಸಾಕುನಾಯಿಯ ಲಸಿಕೆ, ಆಪರೇಷನ್ ಎರಡೂ ಮಾಲೀಕರ ಹೊಣೆ ಎಂದಿದೆ. ನೀವು ಅದಕ್ಕೆ ದಂಡವನ್ನೂ ಸೇರಿಸಿ ಅನ್ನುತ್ತೀರಿ. ಖಾಸಗಿಯಾಗಿ ಮಾಡಿಸಿದರೆ ಹೆಣ್ಣುನಾಯಿಗೆ ಕೆಲವು ಸಾವಿರ ಬೇಕು. ಹೊಲಿಗೆ ಒಣಗುವ ತನಕ ಅದು ಓಡಬಾರದು, ನೆಕ್ಕಬಾರದು. ಇವತ್ತು ಒಂದು ಹೊಲ, ನಾಳೆ ಇನ್ನೊಂದು ಹೊಲ ಅಂತ ಕುರಿಮಂದೆ ಕೂರಿಸುವವನು ಅದನ್ನು ಎಲ್ಲಿ ಕಟ್ಟಿಹಾಕಬೇಕು? ಅತ್ತ ಮರಿ ಮಾರುವ ದಂಧೆಯವರು ನೋಂದಾಯಿಸಿಕೊಳ್ಳಬೇಕು ಅಂತ 2017ರಿಂದಲೇ ನಿಯಮವಿದೆ. ಮೊಬೈಲಲ್ಲಿ ಫೋಟೋ ಹಾಕಿ ಪಗ್ ಮಾರುವವರನ್ನು ಯಾರಾದರೂ ಕೇಳಿದ್ದಾರಾ?

ಜೀವ ಸಾಕುವವರನ್ನು ಕೇಳದೆ ತೀರ್ಮಾನ ಮಾಡುವುದು ನಮ್ಮ ಸೀಮೆಗೆ ಹೊಸದಲ್ಲ. 1860ರಲ್ಲಿ ಖರ್ಚು ಉಳಿಸಲು ಅಂತ ಬ್ರಿಟಿಷರು ಅಮೃತಮಹಲ್ ತಳಿಯ ದನಗಳ ಸರ್ಕಾರಿ ಹಿಂಡನ್ನು ಮಾರಿಬಿಟ್ಟರು. ಒಳ್ಳೆ ಎತ್ತು ಸಿಗದೆ ಒದ್ದಾಡಿ 1866ರಲ್ಲಿ ಮತ್ತೆ ಹಿಂಡು ಕಟ್ಟಿದರು. ಅವೇ ದನ ಮೇಯುತ್ತಿದ್ದ ಚಳ್ಳಕೆರೆ ಕಾವಲಿನಲ್ಲಿ ಸಾವಿರಾರು ಎಕರೆ ಡಿಆರ್‌ಡಿಒ, ಇಸ್ರೊ, ಬಾರ್ಕ್, ಐಐಎಸ್ಸಿಯಂಥ ವಿಜ್ಞಾನ ಸಂಸ್ಥೆಗಳ ಪಾಲಾಯಿತು. ವಿಜ್ಞಾನ ಬೇಡ ಅನ್ನುವವನು ನಾನಲ್ಲ. ಆದರೆ ಬೇಲಿಯ ಈಚೆ ನಿಂತ ಕುರಿಗಾರನನ್ನು ಯಾವ ಫೈಲೂ ಕೇಳಲಿಲ್ಲ. ಕಾವಲು ಹೋಯಿತು, ದನ ಕಮ್ಮಿಯಾಯಿತು, ಈಗ ನಾಯಿಯ ಸರದಿಯಾ?

ನಿಮ್ಮ ಭಯದ ಮೂಲ ಬೇರೆ ಕಡೆ ಇದೆ ಸ್ವಾಮಿ. ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಊರಾಚೆ ರಸ್ತೆಬದಿಗೆ ಒಂದು ಚಕ್ಕರ್ ಹೊಡೆಯಿರಿ. ಕೋಳಿ ಕರುಳು ತುಂಬಿದ ಚೀಲಗಳು, ಮದುವೆ ಛತ್ರದ ಎಂಜಲೆಲೆ, ಅದರ ಸುತ್ತ ಗುಂಪುಗುಂಪು ನಾಯಿ. ಅಲ್ಲಿ ಊಟ ಹಾಕುತ್ತಿರುವವರು ನಾವೇ. ಬೀದಿನಾಯಿಗೆ ಆಪರೇಷನ್ ಆಗಲಿ, ಲಸಿಕೆ ಬೀಳಲಿ, ಅದಕ್ಕೆ ಪಾಲಿಕೆಯ ಕುತ್ತಿಗೆ ಪಟ್ಟಿ ಹಿಡಿಯೋಣ, ನಾನೂ ಬರುತ್ತೇನೆ.

ನಿಮ್ಮ ಲ್ಯಾಬ್ರಡಾರ್‌ಗೆ ಧಾರಾಳವಾಗಿ ಮಾಡಿಸಿ. ಯಾವ ವಯಸ್ಸಿಗೆ ಅನ್ನುವುದನ್ನು ಡಾಕ್ಟರ ಹತ್ತಿರ ಕೇಳಿ, ಅವಸರ ಬೇಡ. ಮುಂದಿನ ಪತ್ರ ಕೋಳಿ ಅಂಗಡಿ ಕಸದ ಬಗ್ಗೆ ಬರೆಯಿರಿ, ಇದಕ್ಕಿಂತ ಜಾಸ್ತಿ ಜಾಗ ಕೊಡುತ್ತೇನೆ.
– ಸಂಪಾದಕ