ಕೇಳುವುದನ್ನು ಕಲಿ, ತಂಗಿ

ತಂಗಿ, ಧಾರವಾಡದಲ್ಲಿ ಎಂ.ಎಸ್‌.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ, ಸ್ವಸಹಾಯ ಸಂಘಗಳ ಜೊತೆ ದುಡಿದು, ಈಗ ಇಂಡಿಯಾನಾಪೊಲಿಸ್‌ಗೆ ಓದಲು ಬಂದಿದ್ದೀಯ. ಸೇವಾಸಂಸ್ಥೆಗಳ ಆಡಳಿತವನ್ನೇ ನಂಬಿ ಅಮೆರಿಕದಲ್ಲಿ ಬದುಕಬಹುದೇ ಎಂದು ಕೇಳಿದ್ದೀಯ. ಖಂಡಿತ ಬದುಕಬಹುದು. ನಾನು ಬದುಕಿದ್ದೇನೆ, ಮಕ್ಕಳನ್ನು ಓದಿಸಿದ್ದೇನೆ.

ಚಳಿ, ಬಾಡಿಗೆ ಮನೆಯ ವಿಚಾರ ಒಂದು ತಿಂಗಳಲ್ಲಿ ತಾನೇ ತಿಳಿಯುತ್ತದೆ. ಸಂಬಳದ ಅಂದಾಜಿಗೆ ಆಯಾ ಸಂಸ್ಥೆಯ ಫಾರ್ಮ್ 990 ನೋಡು. ವರ್ಷವರ್ಷ ತೆರಿಗೆ ಇಲಾಖೆಗೆ ಕೊಡುವ ಈ ಲೆಕ್ಕ ಎಲ್ಲರಿಗೂ ಸಿಗುತ್ತದೆ, ಮುಖ್ಯಸ್ಥರ ಸಂಬಳವೂ ಅದರಲ್ಲಿರುತ್ತದೆ. ಎಚ್‌-1ಬಿ ಎಂಬ ನೌಕರಿ ವೀಸಾಕ್ಕೆ ವರ್ಷಕ್ಕೆ 85,000ದ ಮಿತಿಯಿದೆ. ವಿಶ್ವವಿದ್ಯಾಲಯಗಳಿಗೂ ಅವುಗಳಿಗೆ ಸೇರಿದ ಲಾಭರಹಿತ ಸಂಸ್ಥೆಗಳಿಗೂ ಆ ಮಿತಿ ಇಲ್ಲ. ಸಣ್ಣ ಸೇವಾಸಂಸ್ಥೆಗೆ ಸಾಮಾನ್ಯವಾಗಿ ಈ ರಿಯಾಯಿತಿ ಸಿಗುವುದಿಲ್ಲ. ಮನಸ್ಸು ಎಲ್ಲಿದ್ದರೂ ಅರ್ಜಿಯನ್ನು ಮೊದಲು ಮಿತಿಯಿಲ್ಲದ ಕಡೆಗೇ ಹಾಕು.

ಇನ್ನು ಮುಖ್ಯ ಮಾತು. ನನ್ನ ಮೊದಲ ಸಂದರ್ಶನದಲ್ಲಿ ಕೆರೆ ಹೂಳೆತ್ತಿಸಿದ್ದು, ಗ್ರಾಮಸಭೆ ನಡೆಸಿದ್ದು ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ: ಎಷ್ಟು ದೇಣಿಗೆ ಸಂಗ್ರಹಿಸಿದ್ದೀರಿ? ಯಾರ ಮುಂದೆಯೂ ಕೈಚಾಚಬಾರದೆಂದು ಬೆಳೆದವರು ನಾವು, ನಿನಗೆ ವಿವರಿಸಬೇಕಿಲ್ಲ. ಇಲ್ಲಿ ಕೇಳುವುದೇ ಕಸುಬು, ಮರ್ಯಾದೆಯ ಕಸುಬು. ಡಿಸೆಂಬರ್ 31ರೊಳಗೆ ಕೊಟ್ಟದ್ದು ಆ ವರ್ಷದ ತೆರಿಗೆ ವಿನಾಯಿತಿಯ ಲೆಕ್ಕಕ್ಕೆ ಸೇರುವುದರಿಂದ ಕೊನೆಯ ವಾರ ಮೇಜಿನ ತುಂಬ ಲಕೋಟೆಗಳು. ಆ ವಿನಾಯಿತಿಗೆ 250 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟರೆ ಲಿಖಿತ ಸ್ವೀಕೃತಿ ಬೇಕೇ ಬೇಕು. ನಮ್ಮ ನಿರ್ದೇಶಕಿ ಹತ್ತು ಡಾಲರ್ ಕೊಟ್ಟ ಅಜ್ಜಿಗೂ ಪತ್ರದ ಕೆಳಗೆ ನೀಲಿ ಶಾಯಿಯಲ್ಲಿ ಎರಡು ಸಾಲು ಬರೆಯುತ್ತಿದ್ದರು. ಆ ಅಜ್ಜಿ ಮರುವರ್ಷವೂ ಕೊಡುತ್ತಿದ್ದಳು.

ಊರಿನಲ್ಲಿ ನಾನು ದುಡಿದ ಪುಟ್ಟ ಸಂಸ್ಥೆಗೆ ವಿದೇಶಿ ಹಣ ಬೆಂಗಳೂರಿನ ದೊಡ್ಡ ಸಂಸ್ಥೆಯ ಮೂಲಕ ಬರುತ್ತಿತ್ತು. 2020ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ತಿದ್ದುಪಡಿ ಅಂಥ ವರ್ಗಾವಣೆಯನ್ನು ನಿಷೇಧಿಸಿತು. ಸಂಸ್ಥೆ ಬಾಗಿಲು ಹಾಕಿತು. ಪೇಟೆಯ ಅಂಗಡಿಯವರನ್ನು, ಊರು ಬಿಟ್ಟು ನೌಕರಿಗೆ ಹೋದವರನ್ನು ನಾವು ಒಮ್ಮೆಯೂ ಕೇಳಿರಲಿಲ್ಲ. ಕೇಳುವ ವಿದ್ಯೆ ನನ್ನ ಕೈಯಲ್ಲಿತ್ತು, ನಾನು ಮಾತ್ರ ಇಲ್ಲಿದ್ದೆ. ಆ ನೋವು ಇನ್ನೂ ಆರಿಲ್ಲ.

ಹಳೆಯ ವಿದ್ಯಾರ್ಥಿಗಳಿಗೆ ದೂರವಾಣಿ ಮಾಡಿ ದೇಣಿಗೆ ಕೇಳುವ ಕೆಲಸ ನಿನ್ನ ಕ್ಯಾಂಪಸ್‌ನಲ್ಲಿ ಇದ್ದರೆ ಈ ಸೆಮಿಸ್ಟರ್‌ನಲ್ಲೇ ಸೇರಿಕೋ. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಯವರೆಗೆ ಕ್ಯಾಂಪಸ್ ಒಳಗೆ ದುಡಿಯಲು ನಿನ್ನ ವೀಸಾ ಬಿಡುತ್ತದೆ. ಮೊದಲ ವಾರ ಗಂಟಲು ಕಟ್ಟುತ್ತದೆ, ಬಿಡಬೇಡ.